ದೂಜಣ್ಣ ಕಾಪಾಡಿದ ರಕ್ತ

ನಲವತ್ತು ವರ್ಷ ಹೋಟೆಲು ನಡೆಸಿದವನಿಗೆ ಹೊರಗಿಟ್ಟದ್ದು ಕೆಡುತ್ತದೆಂದು ಯಾರೂ ಕಲಿಸಬೇಕಾಗಿಲ್ಲ. ಮುಂಬಯಿ ಚೆಂಬೂರಿನ ದೂಜಣ್ಣನಿಗಂತೂ ಹಾಲು, ಹಿಟ್ಟು, ಚಟ್ನಿ ಯಾವುದು ಎಷ್ಟು ಹೊತ್ತಿಗೆ ಹಳಸುತ್ತದೆಂದು ಮೂಗಿಗೇ ಗೊತ್ತು. ಮನೆಗೇ ಬಂದು ಬಸುರಿ ಸೊಸೆ ಪ್ರಣೀತಾಳ ರಕ್ತ ತೆಗೆದ ಲ್ಯಾಬಿನ ಸೌಮ್ಯಾ, "ಕೊರಿಯರ್‌ನವ್ರು ಸಂಜೆ ಬರ್ತಾರೆ ಅಂಕಲ್, ಡಬ್ಬಿ ಹೊರಗೇ ಇರ್ಲಿ," ಎಂದಾಗ ಆತ ತಲೆಯಾಡಿಸಿದ. ಅವಳು ಮೆಟ್ಟಿಲಿಳಿದದ್ದೇ ತಡ, ಮೇ ತಿಂಗಳ ಸೆಕೆಗೆ ಹೆದರಿ ಅದನ್ನು ಕೆಳಗಿನ ಹೋಟೆಲಿನ ಡೀಪ್ ಫ್ರೀಜರಿಗೆ ತಳ್ಳಿದ. ಸಂಜೆ ನೀಟಾಗಿ ಒರೆಸಿ ಕೊರಿಯರಿನವನಿಗೆ ಕೊಟ್ಟ. ಮಹಾ ಬುದ್ಧಿವಂತ.

ತಾಯಿಯ ರಕ್ತದಲ್ಲಿ ಹೊಟ್ಟೆಯೊಳಗಿನ ಮಗುವಿನ ವಂಶವಾಹಿಯ ಚೂರುಗಳಿರುತ್ತವಂತೆ. ಮೊದಲ ತಪಾಸಣೆಯಲ್ಲಿ ಏನೋ ಅನುಮಾನ ಬಂದು ಡಾಕ್ಟರು ಆ ಚೂರುಗಳನ್ನು ನೋಡುವ ಈ ಪರೀಕ್ಷೆ ಬರೆದಿದ್ದರು. ನಾಲ್ಕನೇ ದಿನ ಫೋನು ಬಂತು: ಸ್ಯಾಂಪಲ್ ಹಾಳಾಗಿದೆ, ಮತ್ತೆ ಕೊಡಬೇಕು.

ಪ್ರಣೀತಾ ಊಟ ಬಿಟ್ಟಳು. "ನನ್ನ ಬ್ಲಡ್ಡೇ ಖರಾಬ್, ಮಾವ. ಬೇಬಿಗೆ ಪಕ್ಕಾ ಏನೋ ಆಗಿದೆ," ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಗಂಡ ಹಿತೇಶ್ ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ದೂಜಣ್ಣ ಗುಟ್ಟಾಗಿ ಸೌಮ್ಯಾಳಿಗೆ ಫೋನು ಮಾಡಿದ. ಫ್ರೀಜರಿನಲ್ಲಿ ಮಂಜುಗಟ್ಟಿದರೆ ರಕ್ತಕಣ ಒಡೆದು ತಾಯಿಯ ವಂಶವಾಹಿಯೇ ತುಂಬಿಬಿಡುತ್ತದೆ, ಮಗುವಿನದು ಸಿಗುವುದಿಲ್ಲ ಎಂದಳು ಅವಳು. ಬಾಯಿ ಮುಚ್ಚಿಕೊಂಡಿದ್ದರೆ ಮರ್ಯಾದೆಯೇನೋ ಉಳಿಯುತ್ತಿತ್ತು. ಆದರೆ ಆ ಹುಡುಗಿ ಹೊಸ ವರದಿ ಬರುವವರೆಗೆ ಇನ್ನೂ ಹತ್ತು ದಿನ ತನ್ನನ್ನೇ ಬೈದುಕೊಂಡು ಸವೆಯುವುದನ್ನು ನೋಡಲು ಆತನಿಂದಾಗಲಿಲ್ಲ.

"ನಿನ್ನ ರಕ್ತಕ್ಕೆ ಎಂತದೂ ಆಗ್ಲಿಲ್ಲ ಮಾರಾಯ್ತಿ. ಹಾಳು ಮಾಡಿದ್ದು ನಾನು. ಕೆಡ್ತದೆ ಅಂತ ಫ್ರೀಜರಲ್ಲಿಟ್ಟೆ."

ಪ್ರಣೀತಾ ಎದ್ದು ಕೂತಳು. "ಇಡ್ಲಿ ಹಿಟ್ಟಿನ ಜೊತೆ?"

"ಅಲ್ಲ. ಬಟಾಣಿ ಪಕ್ಕ."

ಅವಳು ನಗಲು ಹೋಗಿ ಅತ್ತುಬಿಟ್ಟಳು. ಅಳುತ್ತಲೇ ಅನ್ನ ಕೇಳಿದಳು.

ಮರುದಿನ ಸೌಮ್ಯಾ ಮತ್ತೆ ರಕ್ತ ತೆಗೆದು, ಈ ಸಲ ಜಾಣತನದಿಂದ ಡಬ್ಬಿಯನ್ನು ಹಿತೇಶನತ್ತ ಚಾಚಿದಳು. ದೂಜಣ್ಣ ಬಾಗಿಲಾಚೆ ಮುದುಡಿ ನಿಂತಿದ್ದ. ಪ್ರಣೀತಾ ನಡುವೆ ಕೈಹಾಕಿ ಡಬ್ಬಿ ತೆಗೆದುಕೊಂಡು ಮಾವನ ಕೈಗಿಟ್ಟಳು. "ಇವರ ಹತ್ರಾನೇ ಇರ್ಲಿ. ಬೇಬಿಗೋಸ್ಕರ ನನಗಿಂತ ಜಾಸ್ತಿ ಹೆದರಿದ್ದು ಇವರೇ."

ಅಂದು ದೂಜಣ್ಣ ಹೋಟೆಲಿನತ್ತ ತಲೆಹಾಕಲಿಲ್ಲ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆಯವರೆಗೆ ಫ್ಯಾನಿನಡಿ ಕೂತ. ಕೊರಿಯರಿನವನು ಬಂದಾಗ ಕೊಡಲು ಮನಸ್ಸಾಗದೆ ಬೈಕಿನವರೆಗೂ ತಾನೇ ಎತ್ತಿಕೊಂಡು ಹೋದ.

"ಧೀರೇ ಜಾನಾ ಭಾಯ್," ಎಂದು ಡಬ್ಬಿ ತೋರಿಸಿ ನಿಧಾನಕ್ಕೆ ಹೋಗಲು ಹೇಳಿದ. "ಇಸ್‌ಮೇ ಹಮಾರಾ ಬಚ್ಚಾ ಹೈ."