ಅಶ್ವತ್ಥ ತೆಗೆದ ನಕ್ಷತ್ರ

ನಾನು ಒಂದು ಪಟ್ಟಿ. ಕಂಪ್ಯೂಟರಿನ ಒಳಗಿರುವ, ಬರೀ ಅಕ್ಷರಗಳ ಪಟ್ಟಿ. ನನ್ನನ್ನು ಬರೆದವರು ಯಾರೋ ಗೊತ್ತಿಲ್ಲ. ಬೇಸರದಲ್ಲಿ ಬರೆದಿರಬೇಕು, ಇಲ್ಲದಿದ್ದರೆ ಇಷ್ಟು ಸಪ್ಪೆಯಾಗಿ ಹುಟ್ಟುತ್ತಿದ್ದೆನೇ! ಯಂತ್ರ ಶುರುವಾದಾಗ ಯಾವ ಯಾವ ಕೆಲಸಗಳು ತಾವಾಗಿ ಏಳಬೇಕು ಎಂಬುದು ನನ್ನಲ್ಲಿ ಸಾಲಾಗಿ ಇರುತ್ತದೆ. ಹೆಸರಿನ ಮುಂದೆ ನಕ್ಷತ್ರದ ಗುರುತಿದ್ದರೆ ಆ ಕೆಲಸ ಏಳುತ್ತದೆ, ಇಲ್ಲದಿದ್ದರೆ ಮಲಗಿಯೇ ಇರುತ್ತದೆ. ಸ್ಪೇಸ್ ಕೀಲಿ ಒತ್ತಿದರೆ ಗುರುತು ಬರುತ್ತದೆ, ಮತ್ತೊಮ್ಮೆ ಒತ್ತಿದರೆ ಹೋಗುತ್ತದೆ. ಆದರೆ ಈಗಾಗಲೇ ಎದ್ದು ಓಡಾಡುತ್ತಿರುವ ಕೆಲಸವನ್ನು ನಿಲ್ಲಿಸುವ ತಾಕತ್ತು ನನಗಿಲ್ಲ. ನನ್ನ ಮಾತು ನಡೆಯುವುದು ಯಂತ್ರವನ್ನು ಆರಿಸಿ ಮತ್ತೆ ಹಾಕಿದಾಗ ಮಾತ್ರ. ಇದೊಂದನ್ನು ಜನ ಮರೆಯುತ್ತಾರೆ.

ಮೊದಲು ಒಂದು ಕಾಲೇಜಿನಲ್ಲಿದ್ದೆ. ಅಲ್ಲಿ ವಿದ್ಯಾರ್ಥಿಗಳು ಗುರುತು ಹಾಕಿ ತೆಗೆದು ಆಡಿದರು, ಯಾರಿಗೂ ಏನೂ ಆಗಲಿಲ್ಲ. ಯಂತ್ರ ಹಳೆಯದಾದ ಮೇಲೆ ಶಿಡ್ಲಘಟ್ಟದ ನಾರೆಪ್ಪನವರು ಕೊಂಡರು. ಅವರದು ರೇಷ್ಮೆಹುಳುವಿನ ಮೊಟ್ಟೆ ಕಾಪಾಡುವ ಕೇಂದ್ರ. ಮೊಟ್ಟೆಗಳಿದ್ದ ತಂಪುಕೋಣೆ ಬೆಚ್ಚಗಾದರೆ ಪಕ್ಕದ ಕೋಣೆಯಲ್ಲಿ ಕೂಗಿ ಎಚ್ಚರಿಸುವ ಕೆಲಸ ನನ್ನ ಪಟ್ಟಿಯ ಕೊನೆಯಲ್ಲಿತ್ತು. ಆ ಕೋಣೆಯಲ್ಲಿ ಮುಬೀನಾ ತಟ್ಟೆ ತೊಳೆದು ಒರೆಸುತ್ತಿದ್ದಳು. ಹನ್ನೊಂದು ವರ್ಷದಿಂದ ಅಲ್ಲಿ ಕೆಲಸಕ್ಕಿದ್ದವಳು. ಗಂಡ ತೀರಿಕೊಂಡ ಮೇಲೆ ಅವಳ ಮನೆಯ ಒಲೆ ಉರಿಯುತ್ತಿದ್ದದ್ದು ಇದೊಂದೇ ಕೆಲಸದಿಂದ.

ಆ ವರ್ಷ ಯುಗಾದಿಯ ಹೊತ್ತಿಗೆ ಕೂಗು ಸುಮ್ಮಸುಮ್ಮನೆ ಶುರುವಾಯಿತು. ರಿಪೇರಿಯ ಅಶ್ವತ್ಥ ಬಂದು, ನನ್ನನ್ನು ತೆರೆದು, ಅದರ ನಕ್ಷತ್ರ ತೆಗೆದ. ಕೂಗು ನಿಲ್ಲಲಿಲ್ಲ. ಹೇಗೆ ನಿಂತೀತು? "ಥೂ, ಇದಲ್ಲ ಬಿಡು" ಎಂದು ಎದ್ದುಹೋಗಿ, ತಂಪುಕೋಣೆಯಲ್ಲಿ ಸಡಿಲವಾಗಿದ್ದ ಶಾಖಮಾಪಕದ ತಂತಿ ಬಿಗಿದ. ಕೂಗು ನಿಂತಿತು. ನಕ್ಷತ್ರವನ್ನು ವಾಪಸ್ಸು ಹಾಕುವುದನ್ನು ಮರೆತು ಕಾಫಿ ಕುಡಿದು ಹೊರಟ.

ವರ್ಷವಿಡೀ ಓಡುವ ಯಂತ್ರ ನಮ್ಮದು. ಆರಿಸುವುದು ಆಯುಧಪೂಜೆಗೆ ಮಾತ್ರ. ಅವತ್ತು ಕುಂಕುಮ ಇಟ್ಟರು, ಚೆಂಡುಹೂವಿನ ಹಾರ ಹಾಕಿದರು, ಪೂಜೆ ಮುಗಿದ ಮೇಲೆ ಯಂತ್ರ ಹಾಕಿದರು. ಎಲ್ಲವೂ ಎದ್ದವು, ಕೂಗುವವನೊಬ್ಬ ಏಳಲಿಲ್ಲ. ಅಯ್ಯೋ, ಬಾಯಿದ್ದಿದ್ದರೆ ನಾನೇ ಕೂಗುತ್ತಿದ್ದೆ!

ಮಾರನೆಯ ದಿನ ವಿಜಯದಶಮಿ. ಹಬ್ಬದ ದಿನ ಉಳಿದವರಿಗೆ ರಜೆಯಾಗಲೆಂದು ಪ್ರತಿವರ್ಷದಂತೆ ಮುಬೀನಾ ಒಬ್ಬಳೇ ಬಂದಿದ್ದಳು. ಬೆಳಿಗ್ಗೆ ತಂಪುಕೋಣೆ ನೋಡಿದಳು, ಸರಿಯಿತ್ತು. ಆಮೇಲೆ ತಂಪು ಮಾಡುವ ಯಂತ್ರ ಕೆಟ್ಟು ನಿಂತಿತು. ಸಂಜೆ ಅವಳು ಬಾಗಿಲು ತೆರೆದಾಗ ಒಳಗೆಲ್ಲ ಬಿಸಿಲಿನ ಬಿಸಿ, ಮೊಟ್ಟೆಗಳು ಕೆಟ್ಟಿದ್ದವು.

"ಮಲ್ಕೊಂಡ್ಬಿಟ್ಟಿದ್ಯಾ, ಮುಬೀನಮ್ಮ?" ಎಂದರು ನಾರೆಪ್ಪನವರು.

"ಅಲ್ಲಾನ ಆಣೆ ಸಾರ್, ಅದು ಕೂಗ್ಲೇ ಇಲ್ಲ."

ಅಶ್ವತ್ಥನಿಗೆ ಹೇಳಿಕಳಿಸಿದರು. ಅವನು ಮೊದಲು ತಂಪು ಮಾಡುವ ಯಂತ್ರ ರಿಪೇರಿ ಮಾಡಿ, ಕೋಣೆ ತಣ್ಣಗಾದ ಮೇಲೆ ಒಬ್ಬನೇ ಕೂತು ನನ್ನನ್ನು ತೆರೆದ. ಕೂಗಿನ ಹೆಸರಿನ ಮುಂದೆ ನಕ್ಷತ್ರವಿಲ್ಲದ ಖಾಲಿ ಜಾಗ ಕಂಡಿತು. ಬಾಗಿಲ ಕಡೆ ಒಮ್ಮೆ ನೋಡಿ ಸ್ಪೇಸ್ ಕೀಲಿ ಒತ್ತಿದ, ಯಂತ್ರವನ್ನು ಆರಿಸಿ ಹಾಕಿದ. ಆಮೇಲೆ ಅವರಿಬ್ಬರನ್ನೂ ಕರೆದ.

"ನೋಡಿ ಸಾರ್, ಎಲ್ಲಾ ಸರಿಯಾಗೇ ಐತೆ." ಪರದೆಯ ಮೇಲಿನ ನಕ್ಷತ್ರ ತೋರಿಸಿ, ತಂಪುಕೋಣೆಗೆ ಹೋಗಿ ಶಾಖಮಾಪಕವನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದ. ಕೂಗು ಗೋಡೆ ನಡುಗುವಂತೆ ಕೇಳಿಸಿತು.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಸುಳ್ಳು. ಮಾಡಿದವನೊಬ್ಬ, ಉಂಡವಳೊಬ್ಬಳು. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಮುಬೀನಾ ಪರದೆಯ ಹತ್ತಿರ ಬಗ್ಗಿ ನಕ್ಷತ್ರವನ್ನು ಬಹಳ ಹೊತ್ತು ನೋಡಿದಳು. "ಹಂಗಾದ್ರೆ ಅದು ಕೂಗಿರ್ಲೇಬೇಕು," ಎಂದಳು ಮೆಲ್ಲಗೆ. "ನಂಗೇ ಜೋಂಪು ಹತ್ತಿತ್ತೋ ಏನೋ. ತಪ್ಪಾಯ್ತು ಸಾರ್." ಸೆರಗಿನಿಂದ ಮುಖ ಒರೆಸಿಕೊಂಡು ಹೊರಟಳು. ಮತ್ತೆ ಬರಲಿಲ್ಲ.

ಈಗ ಕೇಂದ್ರಕ್ಕೆ ಹೊಸ ಯಂತ್ರ ಬಂದಿದೆ. ನಾನಿರುವ ಪೆಟ್ಟಿಗೆ ಹಿಂದಿನ ಶೆಡ್ಡಿನಲ್ಲಿ, ಮುರಿದ ತಟ್ಟೆಗಳ ಕೆಳಗೆ ಬಿದ್ದಿದೆ. ಗುರುತು ಇದೆಯೋ ಇಲ್ಲವೋ, ಅಷ್ಟೇ ನನಗೆ ಗೊತ್ತು. ಯಾರು ತೆಗೆದರು, ಯಾವಾಗ ಹಾಕಿದರು ಎಂದು ಬರೆದಿಡುವುದನ್ನು ಯಾರೂ ನನಗೆ ಕಲಿಸಲಿಲ್ಲ. ಮುಬೀನಾ ಎಲ್ಲಿದ್ದಾಳೋ. ಅವತ್ತು ಹಗಲೆಲ್ಲ ಅವಳು ಎಚ್ಚರವಾಗಿಯೇ ಇದ್ದಳು ಎಂದು ಅವಳಿಗೇ ಹೇಳುವವರು ಯಾರೂ ಇಲ್ಲ.