ಹೊಲಿಗೆ ಮಾಯುವ ತನಕ

"ಕರುಳು ಕತ್ತರಿಸಿ ಜೋಡಿಸೋದು ಕಷ್ಟವಲ್ಲಮ್ಮ. ಆ ಹೊಲಿಗೆ ಮಾಯೋ ತನಕ ಅದನ್ನ ಕಾಪಾಡೋದೇ ಕಷ್ಟ," ಎಂದು ಡಾಕ್ಟರ್ ರವಿಕಿರಣ್ ತಾವು ಬರೆದ ಚಿತ್ರವನ್ನು ಜಯಲಕ್ಷ್ಮೀಯವರ ಕಡೆಗೆ ತಿರುಗಿಸಿದರು. ಮೈಸೂರಿನಿಂದ ಬಂದು ತಮಿಳು ಸೀಮೆಯ ಕೀಲ್ಪಾಕ್‌ನಲ್ಲಿ ನೆಲೆಸಿದ್ದ ಸರ್ಜನ್ ಅವರು.

ಜಯಲಕ್ಷ್ಮೀ ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿದವರು. ಗುದದ್ವಾರದಿಂದ ನಾಲ್ಕು ಬೆರಳು ಮೇಲೆ ಗಡ್ಡೆಯಿದೆ ಎಂದು ತಿಳಿದ ದಿನವೂ ಅತ್ತಿರಲಿಲ್ಲ.

"ಕಾಪಾಡದೆ ಹಾಗೇ ಬಿಟ್ಟರೆ?"

"ಹೆಚ್ಚಿನವರಿಗೆ ಏನೂ ಆಗೋಲ್ಲ. ಆದರೆ ಇಷ್ಟು ಕೆಳಗಿನ ಹೊಲಿಗೆ ಸೋರಿದರೆ ಹೊಟ್ಟೆಯೆಲ್ಲ ಕೀವು, ಜೀವಕ್ಕೇ ಅಪಾಯ. ಅದಕ್ಕೇ ಮೇಲೊಂದು ಕಡೆ ಕರುಳನ್ನ ಹೊಟ್ಟೆಯಿಂದ ಹೊರಗೆ ತಂದು ಚೀಲ ಅಂಟಿಸ್ತೀವಿ. ಎರಡು ಮೂರು ತಿಂಗಳಾದಮೇಲೆ ಮುಚ್ಚಿಬಿಡ್ತೀವಿ."

ಗಂಡ ತಿರುಮಲ ಕುರ್ಚಿಯಲ್ಲಿ ಮುಂದಕ್ಕೆ ಸರಿದರು. "ಚೀಲ ವೇಂಡಾಂ, ಬೇಡ ಡಾಕ್ಟರೇ. ನಮ್ಮದು ಸಾಲಿಗ್ರಾಮ ಇರೋ ಮನೆ. ಇವಳು ಮಡೀಲಿ ಅಡುಗೆ ಮಾಡಬೇಕು. ಹೊಟ್ಟೆ ಮೇಲೆ ಅದನ್ನ ಇಟ್ಟುಕೊಂಡು ಎಪ್ಪಡಿ, ಹೇಗೆ ಮಾಡ್ತಾಳೆ?"

"ಸ್ವಲ್ಪ ಇರಿ," ಎಂದರು ಜಯಲಕ್ಷ್ಮೀ, ಗಂಡನ ಕಡೆ ನೋಡದೆ. "ಯಾವ ಕರುಳು ಹೊರಗೆ ತರ್ತೀರಿ?"

ಎರಡು ದಾರಿಗಳಿದ್ದವು. ದೊಡ್ಡಕರುಳಾದರೆ ಮಲ ಗಟ್ಟಿಯಾಗಿ ಬರುತ್ತದೆ, ಆದರೆ ವಾಸನೆ ಜಾಸ್ತಿ, ಕರುಳು ಹೊರಜಾರುವ ಭಯವೂ ಹೆಚ್ಚು. ಸಣ್ಣಕರುಳಿಗೆ ಅಷ್ಟು ವಾಸನೆಯಿಲ್ಲ. ಆದರೆ ನೀರುನೀರಾಗಿ ಬರುತ್ತದೆ. ಈ ಊರಿನ ಬಿಸಿಲಲ್ಲಿ ಮೈಯ ನೀರೂ ಉಪ್ಪೂ ಬತ್ತದಂತೆ ನೋಡಿಕೊಳ್ಳಬೇಕು.

ಜಯಲಕ್ಷ್ಮೀ ಚಿತ್ರದಲ್ಲಿ ಸಣ್ಣಕರುಳಿನ ಮೇಲೆ ಬೆರಳಿಟ್ಟರು.

"ಉಪ್ಪು ನೀರು ಕುಡಿಯೋದು ನನ್ನ ಕೈಲಿದೆ. ಹೊಲಿಗೆ ಸೋರೋದು ನನ್ನ ಕೈಲಿಲ್ಲ. ಸಣ್ಣಕರುಳೇ ಆಗಲಿ."

"ಜಯಾ, ಅಡುಗೆ..."

"ಮೂರು ತಿಂಗಳು ನೀವು ಮಾಡಿ. ಮಡೀಲೇ ಮಾಡಿ."

ಆಪರೇಷನ್ನಿನ ಹಿಂದಿನ ದಿನ ನರ್ಸ್ ಅವರನ್ನು ಸೀರೆಯಲ್ಲೇ ನಿಲ್ಲಿಸಿ, ಕೂರಿಸಿ, ಬಗ್ಗಿಸಿ ನೋಡಿದಳು. ನೆರಿಗೆ ಸಿಕ್ಕಿಸುವ ಜಾಗ ಬಿಟ್ಟು ಬಲಗಡೆ, ಚೀಲ ಅಂಟಿಸುವಲ್ಲಿ, ಇಂಕಿನ ಚುಕ್ಕೆಯಿಟ್ಟಳು. "ಇನ್ನೂ ಅರ್ಧ ಇಂಚು ಕೆಳಗೆ," ಎಂದು ಜಯಲಕ್ಷ್ಮೀಯೇ ತಿದ್ದಿಸಿದರು.

ಅದು ಎರಡು ಸಾವಿರದ ಮೂರರ ಬೇಸಿಗೆ. ಬೀದಿಗೆ ನೀರಿನ ಲಾರಿ ಎರಡು ದಿನಕ್ಕೊಮ್ಮೆ ಬರುತ್ತಿತ್ತು. ಆಸ್ಪತ್ರೆಯಿಂದ ಬಂದ ಮೊದಲ ವಾರ ಚೀಲ ಎರಡು ಸಲ ಬಿಚ್ಚಿಕೊಂಡಿತು. ಎರಡನೆಯ ಸಲ, ಬಚ್ಚಲಿನಲ್ಲಿ ನೆನೆದ ಸೀರೆ ಹಿಡಿದು ನಿಂತಿದ್ದಾಗ ಅವರಿಗೆ ಅಳು ಬಂತು. ಬಾಗಿಲಾಚೆಯಿದ್ದ ತಿರುಮಲ ಕೆಳಗಿಳಿದರು. ಮೂರನೆಯ ಮಹಡಿಗೆ ಎರಡು ಕೊಡ ನೀರು ಹೊತ್ತು ತಂದು ಹೊಸ್ತಿಲ ಬಳಿ ಇಟ್ಟು ಹೋದರು. ಲಾರಿ ಬಂದ ದಿನಗಳಲ್ಲೆಲ್ಲ ಮೊದಲ ಎರಡು ಕೊಡ ಬಚ್ಚಲಿಗೆ, ಆಮೇಲಿನದು ದೇವರ ಮನೆಗೆ.

ಮೇ ಕೊನೆಯಲ್ಲಿ ಮನೆಪಾಠ ಮತ್ತೆ ಶುರುವಾಯಿತು. ಐದು ಹುಡುಗಿಯರು ನೆಲದಲ್ಲಿ ಸಾಲಾಗಿ ಕೂತು ಲೆಕ್ಕ ಬಿಡಿಸುತ್ತಿದ್ದಾಗ ಸೀರೆಯೊಳಗಿಂದ ಗುಳುಗುಳು ಸದ್ದು ಕೇಳಿತು. ಪೆನ್ನುಗಳು ನಿಂತವು. ಮಜ್ಜಿಗೆ ತರುತ್ತಿದ್ದ ತಿರುಮಲ ಬಾಗಿಲಲ್ಲೇ ನಿಂತರು.

"ಗಾಳಿ ಅಷ್ಟೆ," ಎಂದರು ಜಯಲಕ್ಷ್ಮೀ. "ಅಡುತ್ತ ಕಣಕ್ಕು," ಎಂದು ಹಲಗೆಯ ಮೇಲೆ ಮುಂದಿನ ಲೆಕ್ಕ ಬರೆಯತೊಡಗಿದರು.

ಒಬ್ಬೊಬ್ಬಳಾಗಿ ಹುಡುಗಿಯರು ನೋಟ್‌ಬುಕ್ಕಿನ ಹಾಳೆ ತಿರುಗಿಸಿದರು.