ಅಳಿಸಿಬಿಡು ಅಂದಿದ್ದಳು ಅಕ್ಕ

ಮನೆಯಲ್ಲಿ ಮಲಗಿದ ರೋಗಿಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ಹೆಂಗಸರಿಗೆ ಸರ್ಕಾರ ಏನು ಕೊಡಬೇಕು? ಇದು ತಂಗಿಯ ಪಿಎಚ್.ಡಿ. ವಿಷಯ. ವಿಷಯ ಹುಡುಕಲು ಅವಳು ಹೊಸಿಲು ದಾಟಬೇಕಾಗಿರಲಿಲ್ಲ. ಅಪ್ಪನಿಗೆ ಲಕ್ವ ಹೊಡೆದಾಗ ಗಾರ್ಮೆಂಟ್ಸ್ ಕೆಲಸ ಬಿಟ್ಟು ಮನೆ ಹಿಡಿದವಳು ಅಕ್ಕ. ಪುಸ್ತಕ ಹಿಡಿದು ನುಣುಚಿಕೊಂಡವಳು ತಂಗಿ.

"ಉಚ್ಚೆ ಬಟ್ಟೆ ಒಗೆಯೋದಕ್ಕೂ ಡಾಕ್ಟರ್ ಪಟ್ಟ ಕೊಡ್ತಾರೇನೇ? ಹಾಗಾದ್ರೆ ಮೊದ್ಲು ನಂಗೆ ಕೊಡ್ಸು!" ಎಂದು ನಗುತ್ತಲೇ ಅಕ್ಕ ಅಡುಗೆಮನೆಯಲ್ಲಿ ಮಾತಾಡಿದ್ದಳು. ತಂಗಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಮಾತಿಗೆ ಮಾತು ಬೆಳೆದು, "ಒಂದೊಂದ್ ಸಲ ಅಪ್ಪ ಬೇಗ ಹೋಗ್ಬಿಟ್ರೆ ಸಾಕು ಅನ್ಸತ್ತೆ" ಎಂಬುದೂ ಅಕ್ಕನ ಬಾಯಿಂದ ಜಾರಿತು.

ಮರುದಿನ ಅವಳ ಮುಖ ಬಾಡಿತ್ತು. "ಅದನ್ನ ಅಳಿಸಿಬಿಡೇ. ಪೂರ್ತಿ ಅಳಿಸು. ಅಪ್ಪನ ಕಿವಿಗೆ ಬಿದ್ರೆ ನಾನು ಸತ್ತ ಹಾಗೇ."

ಮಾತಾಡಿದವರು ಬೇಡವೆಂದರೆ ಅಳಿಸಬೇಕು. ಸಂಶೋಧನೆಯ ಮೊದಲ ನಿಯಮವೇ ಅದು; ತಂಗಿ ಮನೆಮನೆಯಲ್ಲೂ ಅದನ್ನು ಓದಿ ಹೇಳಿ ಬಂದವಳು. ಆದರೂ "ಹೂಂ" ಎಂದು ಮಾತು ಕೊಟ್ಟು ಹಾಗೇ ಇಟ್ಟುಕೊಂಡಳು. ಒಂದಿಡೀ ಅಧ್ಯಾಯ ಆ ಮಾತಿನ ಮೇಲೆ ನಿಂತಿತ್ತು. ಒಡಹುಟ್ಟಿದವಳಿಗೇ ಟೋಪಿ ಹಾಕಿದಳು, ಇನ್ನೇನು.

ಕೊನೆಗೆ ಹೋದವಳು ಅಕ್ಕನೇ. ಒಂದು ಬೆಳಿಗ್ಗೆ ಅಪ್ಪನನ್ನು ಮಗ್ಗುಲು ಹೊರಳಿಸಿ, ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲ.

"ಇನ್ನು ಬೇಡ ಅನ್ನೋರು ಯಾರಿದ್ದಾರಮ್ಮ? ಆ ಅಧ್ಯಾಯ ಇಟ್ಕೋ" ಎಂದರು, ಎಲ್ಲ ಕೇಳಿಸಿಕೊಂಡ ಗೈಡು.

"ಸತ್ತೋರಿಗೆ ಕೊಟ್ಟ ಮಾತು ಮಾತಲ್ವಾ ಸಾರ್?" ಎಂದು ತಂಗಿ ದಡಕ್ಕನೆ ಎದ್ದು ಬಂದಳು. ತಾನೂ ಹಾಗೇ ಯೋಚಿಸಿದ್ದಳಲ್ಲ, ಅದಕ್ಕೇ ಅಷ್ಟು ಉರಿ.

ಮನೆಗೆ ಬಂದವಳು, ಅಪ್ಪನಿಗೆ ನಿದ್ದೆ ಹತ್ತಿದೆ ಎಂದುಕೊಂಡು, ಕೊನೆಯ ಸಲ ಕೇಳಿದಳು. ಪಾತ್ರೆ ಸದ್ದು, ಅಕ್ಕನ ನಗು, ಬೈಗುಳ, ಆಮೇಲೆ ಆ ಮಾತು. ಮುಗಿದದ್ದೇ ಹಲ್ಲು ಕಚ್ಚಿ ಅಳಿಸಿದಳು. ಫೋನಿನಿಂದಲೂ, ಕಂಪ್ಯೂಟರಿನಿಂದಲೂ.

ಆಗ ಒಳಗಿನಿಂದ ಅಪ್ಪ ಕೂಗಿದರು. ಅವಳು ಹೋಗಿ ಮಂಚದ ಪಕ್ಕ ನಿಂತಳು.

"ಕೇಳಿಸ್ತಾ ಅಪ್ಪಾ?"

"ಹೂಂ. ಸುಳ್ಳು ಹೇಳೋಳಲ್ಲ ಅವಳು," ಅಪ್ಪ ತೊದಲಿದರು. "ನಾನೂ ಅದನ್ನೇ ಬೇಡ್ಕೋತಿದ್ದೆ. ಅವಳಿಗೆ ಹೇಳೋಕೆ ಬಾಯಿ ಬರ್ಲಿಲ್ಲ." ಸ್ವಾಧೀನದಲ್ಲಿದ್ದ ಒಂದು ಕೈಯನ್ನು ಚಾಚಿದರು. "ಇನ್ನೊಂದ್ ಸಲ ಹಾಕು ಮಗಾ. ನಗ್ತಾಳಲ್ಲ, ಅಲ್ಲಿಂದ."

ತಂಗಿ ಆ ಕೈ ಹಿಡಿದುಕೊಂಡಳು. ಅಪ್ಪ ಕಣ್ಣು ಮುಚ್ಚಿ, ಕಿವಿಗೊಟ್ಟು ಕಾಯುತ್ತಿದ್ದರು.